ಬಳೆ ಹಿಡಿದು ನಿಂತ ಮುಂಜಾವು

ರಾಯಚೂರಿನ ನಮ್ಮ ಬಡಾವಣೆಯಲ್ಲಿ ಒಂದು ಕಲ್ಯಾಣ ಮಂಟಪವಿದೆ. ಮದುವೆ ಇಲ್ಲದ ದಿನಗಳಲ್ಲಿ ಅಲ್ಲಿ ಬೆಳಗಿನ ಧ್ಯಾನದ ಶಿಬಿರ ನಡೆಸುತ್ತಾರೆ. ಪಕ್ಕದ ಮನೆಯಾಕೆ ಬೆನ್ನು ಬಿಡದೆ ಕಾಡಿದಳೆಂದು ಹೋದ ಶ್ರಾವಣದಲ್ಲಿ ನಾನೂ ಒಂದು ದಿನ ಹೋದೆ. ಕಲಿಸುವವಳು ಇನ್ನೂ ಹುಡುಗಿ, ಮಾತು ಮಾತ್ರ ಸಕ್ಕರೆ. "ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ಮುಟ್ಟಬೇಡಿ. ಮೊದಲು ನಿಮ್ಮ ಅಂಗೈ ನೋಡಿಕೊಳ್ಳಿ. ಹಾಗೇ ನೋಡುತ್ತಾ ಇರಿ, ಮನಸ್ಸು ತಾನಾಗಿ ಶಾಂತವಾಗುತ್ತದೆ," ಎಂದಳು. ಎಲ್ಲರೂ ಅಂಗೈ ಚಾಚಿ ಕೂತರು. ನಾನೂ ಎಡಗೈ ಚಾಚಿದೆ. ಮುಂದಿನ ಸಾಲಿನಲ್ಲಿ ಯಾರೋ ಹಿರಿಯರು ಆಗಷ್ಟೇ ಮಿಂದು ವಿಭೂತಿ ಹಚ್ಚಿಕೊಂಡು ಬಂದಿದ್ದರು. ಒದ್ದೆ ವಿಭೂತಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಾಂತವಾಗುವುದು ಹಾಗಿರಲಿ, ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ನೋಡಿದರೆ ಬಲಗೈ ತಾನಾಗಿಯೇ ಎಡಗೈಯ ಬಳೆಗಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಆ ಹುಡುಗಿಗೆ ಏನೆಂದು ಹೇಳಲಿ? ಅಂಗೈ ನೋಡಿಯೇ ದಿನ ಶುರು ಮಾಡುವ ಹೆಂಗಸೊಬ್ಬಳ ಮನೆಗೆ ನಾನು ಸೊಸೆಯಾಗಿ ಹೋಗಿದ್ದೆ, ಒಂದು ಮಳೆಗಾಲ ಆ ಅಂಗೈ ಬರಿದಾಗಿ ಆಕೆಯ ಜೀವಕ್ಕೇ ಬಂದಿತ್ತು ಎಂದರೆ ಶಿಬಿರದ ಶಾಂತಿಯೆಲ್ಲ ಕೆಟ್ಟುಹೋಗುತ್ತಿತ್ತು. ಮೊಣಕಾಲು ನೋವಿನ ನೆಪ ಹೇಳಿ ಎದ್ದು ಬಂದೆ. ಆಮೇಲೆ ಹೋಗಲಿಲ್ಲ.

ನನ್ನ ತವರು ದೇವದುರ್ಗ ತಾಲ್ಲೂಕಿನ ಗಬ್ಬೂರು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನ್ನನ್ನು ಮಾನ್ವಿಗೆ ಕೊಟ್ಟರು. ನಮ್ಮೂರಿನವರು ಮೋಡ ನೋಡಿ ಬದುಕುವವರು, ಮಾನ್ವಿಯವರು ಕಾಲುವೆ ನೋಡಿ ಬದುಕುವವರು. ದೇವರ ವಿಷಯದಲ್ಲಿಯೂ ಎರಡು ಮನೆಗಳಿಗೆ ಅಷ್ಟೇ ದೂರ. ನಾವು ಲಿಂಗವಂತರೇ ಆದರೂ ನಮ್ಮಪ್ಪನ ಲಿಂಗ ಗೋಡೆಯ ಗೂಟದಲ್ಲಿ ಆರಾಮಾಗಿ ನೇತಾಡುತ್ತಿತ್ತು. ಮಠದ ಅಯ್ಯನವರು ಊರಿಗೆ ಬಂದ ಸುದ್ದಿ ಸಿಕ್ಕರೆ ಮಾತ್ರ ಅಪ್ಪ ಅವಸರದಲ್ಲಿ ಅದನ್ನು ಕೊರಳಿಗೆ ಏರಿಸುತ್ತಿದ್ದ.

ನನ್ನ ಅತ್ತೆ ಬಸಲಿಂಗಮ್ಮನವರು ಬೇರೆ ಮಣ್ಣಿನವರು. ಇನ್ನೂ ಮಬ್ಬು ಇರುವಾಗಲೇ ಏಳುತ್ತಿದ್ದರು. ಎದ್ದವರು ಒಂದು ಮಾತೂ ಆಡುತ್ತಿರಲಿಲ್ಲ. ತಣ್ಣೀರು ಮಿಂದು, ಹಣೆಗೆ, ತೋಳಿಗೆ ವಿಭೂತಿ ಎಳೆದುಕೊಂಡು, ಪಡಸಾಲೆಯಲ್ಲಿ ಮಣೆ ಹಾಕಿ ಕೂರುತ್ತಿದ್ದರು. ಕೊರಳಿನ ಬೆಳ್ಳಿ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಹುಟ್ಟಿದಾಗ ಗುರು ಕಟ್ಟಿದ್ದು, ಕಪ್ಪಗೆ ನುಣ್ಣಗೆ ಅಡಿಕೆಗಿಂತ ತುಸು ದೊಡ್ಡದು. ಅದಕ್ಕೆ ನೀರೆರೆದು, ಪತ್ರೆ ಇಟ್ಟು, ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತ ಕೂತರೆ ಮನೆಯಲ್ಲಿ ಗಾಳಿ ಕೂಡ ಮೆಲ್ಲಗೆ ಓಡಾಡಬೇಕು. ನಾನು ಹೊಸ ಮದುಮಗಳು, ಎರಡೂ ಕೈ ತುಂಬ ಹಸಿರು ಬಳೆ. ಮೊದಲ ವಾರ ಒಲೆಗೆ ಕಟ್ಟಿಗೆ ಇಡಲು ಹೋದಾಗ ಬಳೆಗಳು ಗಲ್ಲೆಂದವು. ಅತ್ತೆ ಕಣ್ಣೆತ್ತಿ ನೋಡಿದರು. ಬರೀ ನೋಡಿದರು, ಅಷ್ಟೇ. ಅಂದಿನಿಂದ ಅವರ ಪೂಜೆ ಮುಗಿಯುವವರೆಗೆ ನಾನು ಒಂದು ಕೈಯಿಂದ ಇನ್ನೊಂದು ಕೈಯ ಬಳೆ ಹಿಡಿದುಕೊಂಡೇ ಓಡಾಡಿದೆ.

ಪೂಜೆಯ ಕೊನೆಗೆ ಲಿಂಗಕ್ಕೆ ಎರೆದ ನೀರನ್ನೇ ತೀರ್ಥವೆಂದು ಕುಡಿಯುತ್ತಿದ್ದರು. ಅದು ಗಂಟಲು ಇಳಿದ ಮೇಲೆಯೇ ಬೇರೆ ನೀರು, ಬೇರೆ ಮಾತು. ಮಾತು ಶುರುವಾಯಿತೋ, ಅಷ್ಟು ಹೊತ್ತು ಕಟ್ಟಿಟ್ಟಿದ್ದೆಲ್ಲ ಒಮ್ಮೆಗೇ ಬರುತ್ತಿತ್ತು. ನನ್ನ ರೊಟ್ಟಿ ದಪ್ಪವೆಂದು, ನನ್ನ ತವರಿನ ಎಮ್ಮೆ ಕೂಡ ನನಗಿಂತ ಚುರುಕೆಂದು, ಓಣಿಯ ಕೊನೆಯವರೆಗೆ ಕೇಳಿಸುವಂತೆ ಹೇಳುತ್ತಿದ್ದರು. ಇಷ್ಟು ಹೊತ್ತು ದೇವರನ್ನು ನೋಡಿದ ಕಣ್ಣಿಗೆ ನನ್ನ ರೊಟ್ಟಿಯ ಅಂಚೇ ಹೇಗೆ ಬೀಳುತ್ತದೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಆದರೂ ಒಂದು ಮಾತು ಒಪ್ಪಬೇಕು. ಮುಂಜಾನೆಯ ಆ ಹೊತ್ತಿನಲ್ಲಿ ಅವರ ಮುಖ ನೋಡಿದರೆ, ದಿನವಿಡೀ ಬೈಯುವ ಹೆಂಗಸು ಇವರೇ ಹೌದೋ ಅಲ್ಲವೋ ಎನ್ನಿಸುತ್ತಿತ್ತು.

ಲಿಂಗ ಮೈಮೇಲೆ ಇಲ್ಲದಿದ್ದರೆ ಬಾಯಿಗೆ ನೀರು ಸೋಕಬಾರದು, ಕಳೆದುಹೋದರೆ ಜೀವ ಇಟ್ಟುಕೊಳ್ಳಬಾರದು ಎಂದು ಹಿರಿಯರು ಹೇಳುವುದನ್ನು ನಾನೂ ಸಣ್ಣವಳಿದ್ದಾಗಿನಿಂದ ಕೇಳಿದ್ದೆ. ಹೇಳುವವರು ಇರುತ್ತಾರೆ, ಹಾಗೆ ನಡೆಯುವವರು ಇರುತ್ತಾರೆಂದು ಮಾತ್ರ ನಂಬಿರಲಿಲ್ಲ.

ನಾನು ಬಸುರಿಯಾದ ವರ್ಷ ಕಾಲುವೆಗೆ ನೀರು ತಡವಾಗಿ ಬಂತು. ಆಷಾಢ ಪೂರ್ತಿ ಸಸಿ ಮಡಿಗಳಿಗೆ ಕೊಡದಿಂದ ನೀರು ಹೊತ್ತು ಹಾಕಿ ಉಳಿಸಿಕೊಂಡೆವು. ಶ್ರಾವಣದಲ್ಲಿ ನೀರು ಬಿಟ್ಟಾಗ ಎಲ್ಲರಿಗೂ ಒಮ್ಮೆಗೇ ನಾಟಿಯ ಅವಸರ. ಇಂಥ ಊರಿಗೆ ಇಂಥ ದಿನವೆಂದು ಸರದಿ ಹಾಕಿದ್ದರು. ಸರದಿ ತಪ್ಪಿದರೆ ಮತ್ತೆ ಯಾವಾಗ ಎಂದು ಹೇಳುವವರಿಲ್ಲ. ಹಾಗಾಗಿ ನಾಟಿಯ ದಿನಗಳಲ್ಲಿ ಮನೆಗೆ ಬೀಗ ಹಾಕಿ ಗದ್ದೆಯ ಜೋಪಡಿಯಲ್ಲೇ ಇರುವುದು ನಮ್ಮ ಕಡೆಯ ರೂಢಿ. ನನಗಾಗ ಐದು ತಿಂಗಳು. ಬಸುರಿಯನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವುದು ಬೇಡವೆಂದು ಅತ್ತೆ ನನ್ನನ್ನೂ ಕರೆದುಕೊಂಡು ಬಂದಿದ್ದರು.

ಜೋಪಡಿಗೆ ಬಾಗಿಲು ಎಲ್ಲಿಂದ ಬರಬೇಕು? ಬೆಳ್ಳಿ ಕಂಡರೆ ಕಳ್ಳರಿಗೆ ಆಸೆ ಹುಟ್ಟುತ್ತದೆಂದು ಅತ್ತೆ ಪ್ರತಿ ವರ್ಷ ಮಾಡುವಂತೆಯೇ ಕರಡಿಗೆಯನ್ನು ಮನೆಯ ಟ್ರಂಕಿನಲ್ಲಿಟ್ಟು ಬಂದಿದ್ದರು. ಲಿಂಗವನ್ನು ಬಿಳಿ ವಸ್ತ್ರದಲ್ಲಿ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡಿದ್ದರು. ಬೆಳ್ಳಿಯನ್ನು ಕಾಪಾಡಲು ಹೋಗಿ ಆದದ್ದೆಲ್ಲ ಆಯಿತು.

ಮೂರನೆಯ ಮಡಿಯ ಸಸಿ ಕಿತ್ತ ದಿನವದು. ಮಧ್ಯಾಹ್ನ ಒಡ್ಡಿನ ಮೇಲೆ ಜಾಲಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಾಟಿಯ ಹೆಂಗಸರು ಆಚೆ ಕೂತಿದ್ದರು, ನನ್ನ ಗಂಡ ಅಮರೇಶ ಕೈ ತೊಳೆಯುತ್ತಿದ್ದರು. ಅತ್ತೆ ರೊಟ್ಟಿ ಮುರಿದು, ಮೊದಲ ತುತ್ತನ್ನು ಲಿಂಗಕ್ಕೆ ಮುಟ್ಟಿಸಲು ಎಂದಿನಂತೆ ಎದೆಗೆ ಕೈ ಒಯ್ದರು. ಕೈ ಅಲ್ಲೇ ನಿಂತಿತು. ಸೆರಗು ಸರಿಸಿ ವಸ್ತ್ರ ಎಳೆದರು. ವಸ್ತ್ರವಿತ್ತು, ಗಂಟು ಬಿಚ್ಚಿತ್ತು. ಅವರು ತುತ್ತನ್ನು ಮೆಲ್ಲಗೆ ಬುತ್ತಿಗೆ ಹಿಂದಿರುಗಿಸಿದರು.

"ಗಿರಿಜಾ, ಲಿಂಗ ಇಲ್ಲ," ಎಂದರು. ಉಪ್ಪು ಇಲ್ಲ ಎನ್ನುವಷ್ಟೇ ಮೆಲ್ಲಗೆ.

ಬೆಳಗಿನಿಂದ ಅವರು ಎಲ್ಲೆಲ್ಲಿ ಓಡಾಡಿದ್ದರು ಎಂದು ಲೆಕ್ಕ ಹಾಕತೊಡಗಿದೆವು. ಕಾಲುವೆಯ ಮೆಟ್ಟಿಲಲ್ಲಿ ಮಿಂದು ಪೂಜೆ ಮಾಡಿದ್ದರು. ವಸ್ತ್ರವನ್ನು ಅಲ್ಲೇ ಹಿಂಡಿ ಹಸಿಯಾಗಿಯೇ ಗಂಟು ಹಾಕಿಕೊಂಡಿದ್ದರು. ಆಮೇಲೆ ಸಸಿ ಮಡಿ. ಆಮೇಲೆ ಹೊಲಗಾಲುವೆ ದಾಟಿ, ನಾಟಿ ಹಚ್ಚುವ ಗದ್ದೆಗೆ ಇಳಿದು, ಸಾಲು ಸೊಟ್ಟಗಾಯಿತೆಂದು ಬೈಯುತ್ತ ಬಗ್ಗಿ ಬಗ್ಗಿ ತಿದ್ದಿದ್ದರು. ಎಲ್ಲ ಕಡೆ ನೀರು, ನೀರಿನ ಕೆಳಗೆ ಎರೆಮಣ್ಣು. ಕಪ್ಪು ಮಣ್ಣಿನಲ್ಲಿ ಕಪ್ಪು ಲಿಂಗ.

ನಾಟಿಯ ಹೆಂಗಸರ ಮುಂದಾಳು ಹನುಮವ್ವ ಅರ್ಧ ಉಂಡದ್ದನ್ನು ಬಿಟ್ಟು ಎದ್ದಳು. "ಏಳ್ರಬೇ. ನಾಟಿ ನಾಳಿ ಹಚ್ಚೂಣು. ಕಾಲಾಗ ತುಳೀಬ್ಯಾಡ್ರಿ, ಬಗ್ಗಿ ಕೈಲೆ ನೋಡ್ರಿ."

ಹೆಂಗಸರೆಲ್ಲ ಒಂದು ಸಾಲಾಗಿ ಗದ್ದೆಗೆ ಇಳಿದು ಕೆಸರಿನಲ್ಲಿ ಕೈಯಾಡಿಸಿದರು. ಯಾರಾದರೂ "ಸಿಕ್ತು" ಎಂದು ಕೈ ಎತ್ತಿದರೆ ಎಲ್ಲರೂ ಉಸಿರು ಹಿಡಿದು ನೆಟ್ಟಗಾಗುತ್ತಿದ್ದೆವು. ನೀರಿನಲ್ಲಿ ಅದ್ದಿದರೆ ಅದು ಕರಗಿ ಬೆರಳ ಸಂದಿಯಿಂದ ಹರಿದು ಹೋಗುತ್ತಿತ್ತು. ಬರೀ ಮಣ್ಣಿನ ಹೆಂಟೆ. ಹೊತ್ತು ಇಳಿಯುವ ತನಕ ಹೀಗೇ ನಡೆಯಿತು. ಅತ್ತೆ ಜಾಲಿಯ ಬುಡಕ್ಕೆ ಒರಗಿ ಕೂತಿದ್ದರು. ಹುಡುಕಿರೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ತಂಬಿಗೆಯಲ್ಲಿ ನೀರು ಒಯ್ದರೆ ಮುಖ ಅತ್ತ ತಿರುಗಿಸಿದರು.

ಸಂಜೆ ಅಮರೇಶ ಸೈಕಲ್ಲಿನಲ್ಲಿ ಮಾನ್ವಿಗೆ ಹೋಗಿ ಮಠದ ಅಯ್ಯನವರನ್ನು ಹಿಂದೆ ಕೂರಿಸಿಕೊಂಡು ಬಂದರು. ನನ್ನ ಜೀವ ಸ್ವಲ್ಪ ಹಗುರಾಯಿತು. ಗುರುಗಳ ಮಾತಿಗೆ ಎದುರಿಲ್ಲವಲ್ಲ.

"ಬಸಲಿಂಗಮ್ಮ, ನಾ ಬ್ಯಾರೆ ಲಿಂಗ ಕಟ್ತೀನಿ. ಅದಕ್ಕೂ ದಾರಿ ಅದ," ಎಂದರು ಅಯ್ಯನವರು.

ಅತ್ತೆ ಕೂತಲ್ಲಿಂದಲೇ ಕೈಮುಗಿದರು. "ದಾರಿ ಅದ ಅಂತೀರಿ ಅಯ್ಯಾರ. ನಿಮ್ಮದು ಕಳದಿದ್ರ ನೀವು ಬ್ಯಾರೇದು ಕಟ್ಕೊಂಡು ಉಣ್ಣಾಕ ಕುಂಡ್ರತಿದ್ರೇನು?"

ಅಯ್ಯನವರು ನೆಲ ನೋಡಿದರು. ಅವರು ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬರಲಿಲ್ಲ. ಆ ಹೊತ್ತಿನಲ್ಲಿ ಅವರೊಂದು ಸುಳ್ಳು ಹೇಳಿದ್ದರೆ ನಾನು ಜೀವಮಾನವಿಡೀ ಅವರ ಪಾದ ತೊಳೆಯುತ್ತಿದ್ದೆ. "ವಿಚಾರ ಮಾಡವ್ವ," ಎಂದಷ್ಟೇ ಹೇಳಿ ಹೊರಟುಹೋದರು. ಅವರ ಬೆನ್ನು ನೋಡುತ್ತ ನಿಂತಾಗ ನನಗೆ ಮೊದಲ ಸಲ ನಿಜವಾದ ಭಯ ಹುಟ್ಟಿತು.

ಮರುದಿನ ಬೆಳಿಗ್ಗೆಯೂ ಅತ್ತೆ ಮಬ್ಬಿನಲ್ಲೇ ಎದ್ದರು. ಮಿಂದು ಬಂದು ವಿಭೂತಿ ಹಚ್ಚಿಕೊಂಡರು. ಜೋಪಡಿಯ ಮುಂದಿನ ಕಲ್ಲಿನ ಮೇಲೆ ಕೂತರು. ಆದರೆ ಅಂಗೈ ಚಾಚಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿ ಮುಷ್ಟಿ ಕಟ್ಟಿ ಇಟ್ಟುಕೊಂಡು, ಕಣ್ಣು ಮುಚ್ಚಿ ಕೂತರು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನಾನು ಅಭ್ಯಾಸ ಬಲದಿಂದ ಬಳೆ ಹಿಡಿದುಕೊಂಡು ದೂರ ನಿಂತಿದ್ದೆ. ಒಮ್ಮೆ ಕಣ್ಣೆತ್ತಿ ಸಿಟ್ಟಿನಿಂದ ನೋಡಲಿ ಎಂದು ಬಳೆ ಬಿಟ್ಟು ಗಲ್ಲೆನ್ನಿಸಿಬಿಡಲೇ ಎಂದೂ ಅನ್ನಿಸಿತು. ಧೈರ್ಯ ಬರಲಿಲ್ಲ.

ಅಮರೇಶನವರಿಗೆ ಲಿಂಗ ಕಾಲುವೆಯಲ್ಲೇ ಬಿದ್ದಿದೆ ಎಂಬ ನಂಬಿಕೆ. ವಸ್ತ್ರ ಹಿಂಡಿದ್ದು ಅಲ್ಲೇ, ಗಂಟು ಹಾಕಿದ್ದೂ ಅಲ್ಲೇ. ಕಾಲುವೆಯ ತಳ ಕಾಣಬೇಕಾದರೆ ಮೇಲಿನ ತೂಬು ಮುಚ್ಚಬೇಕು. ತೂಬು ನೋಡಿಕೊಳ್ಳುತ್ತಿದ್ದವರು ಮೌಲಾಸಾಬರು. ಕಾಲುವೆಯ ಆಚೆ ದಡದಲ್ಲಿ ಅವರ ಪುಟ್ಟ ಖೋಲಿ. ಹೇಳದೆ ಕೇಳದೆ ತೂಬು ಮುಟ್ಟಿದರೆ ಅವರ ನೌಕರಿಗೇ ಕುತ್ತು. ಅಮರೇಶ ತಡವರಿಸುತ್ತ ವಿಷಯ ಹೇಳಿದಾಗ ಅವರು ಗಡ್ಡದ ಮೇಲೆ ಕೈಯಾಡಿಸಿಕೊಂಡು ನಮ್ಮ ದಡದ ಮೆಟ್ಟಿಲ ಕಡೆ ನೋಡಿದರು.

"ಎಷ್ಟೋ ವರ್ಷ ಆತ್ರಿ, ನಾಟಿ ದಿನದಾಗ ನೋಡಾಕತ್ತೀನಿ," ಎಂದರು. "ನಾ ಈ ದಂಡ್ಯಾಗ ಫಜರಿನ ನಮಾಜಿಗೆ ನಿಂತಿರ್ತೀನಿ, ಅವ್ವ ಆ ದಂಡ್ಯಾಗ ಕುಂತಿರ್ತಾರ. ಒಬ್ಬರಿಗೊಬ್ಬರು ಒಂದು ಮಾತ ಆಡಿಲ್ಲ. ಆದ್ರ ಅವರು ಕಾಣಲಿಲ್ಲಂದ್ರ ನನಗ ಮುಂಜಾನಿ ಆದಂಗ ಅನ್ಸಂಗಿಲ್ಲ. ಬರ್ರಿ, ಬಂದ್ ಮಾಡೂಣು. ಸಾಹೇಬ್ರು ಕೇಳಿದ್ರ ನಾ ನೋಡ್ಕೋತೀನಿ."

ತೂಬು ಇಳಿಯಿತು. ನೀರು ಮೊಣಕಾಲಿಗೆ, ಆಮೇಲೆ ಹಿಮ್ಮಡಿಗೆ ಬಂತು. ಕಾಲುವೆಯೊಳಗೆ ಇಳಿದು ಗಂಡಸರು ಹೆಂಗಸರೆಂದಿಲ್ಲದೆ ಕೆಸರು ಬಗೆಯತೊಡಗಿದರು. ನನ್ನನ್ನು ಇಳಿಯಗೊಡಲಿಲ್ಲ. ನಾನು ದಡದಲ್ಲಿ ಕೂತು, ಮೇಲೆ ಎತ್ತಿ ಹಾಕಿದ ಕೆಸರನ್ನು ಜರಡಿಯಲ್ಲಿ ಹಿಡಿದು ತೊಳೆದೆ. ಕಪ್ಪೆಚಿಪ್ಪು, ಗಾಜಿನ ಚೂರು, ಯಾರದೋ ಬೆಳ್ಳಿಯ ಕಾಲುಂಗುರ. ಪ್ರತಿ ಸಲ ಜರಡಿಯಲ್ಲಿ ಗುಂಡಗಿನದು ಉರುಳಿದಾಗ ಹೊಟ್ಟೆಯೊಳಗಿನ ಕೂಸೂ ಒದ್ದಂತಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಊರಿನವರು ಬಂದರು. ಬದುವಿನ ಮೇಲೆ ಸಾಲಾಗಿ ಬರುತ್ತಿದ್ದವರ ಕೈಯಲ್ಲಿ ಬಡಿಗೆ, ಸಲಿಕೆ. ನೀರು ಹುಡುಕಿಕೊಂಡು ಮೇಲಕ್ಕೆ ಬಂದವರು ಅವರು. ಅಂದು ಅವರ ಸರದಿಯ ಕೊನೆಯ ದಿನ.

"ಯಾರು ಬಂದ್ ಮಾಡಾಕ ಹೇಳಿದ್ದು?" ಎಂದ ಮುಂದಿದ್ದ ಎತ್ತರದ ಆಳು.

"ನಮ್ಮವ್ವನ ಜೀವದ ಮಾತು ಅದಪಾ. ಸಂಜೀಮಟ ತಡೀರಿ," ಎಂದರು ಅಮರೇಶ ಕಾಲುವೆಯೊಳಗಿಂದಲೇ.

"ನಮ್ಮ ಮಡಿ ಸಂಜೀಮಟ ತಡೀತಾವೇನು? ಇವತ್ತ ನೀರು ಹಾಯ್ಲಿಲ್ಲಂದ್ರ ಸಸಿ ಸುಡ್ತಾವ. ನಮ್ಮನ್ಯಾಗೂ ಅವ್ವ ಅದಾಳ. ಆಕಿಗೂ ಅನ್ನ ಬೇಕು."

ಅವನ ಮಾತು ತಪ್ಪಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಜಗಳ ಇನ್ನೂ ಕೆಟ್ಟದಾಯಿತು. ಯಾರೋ ಮೌಲಾಸಾಬರ ಅಂಗಿ ಹಿಡಿದು ತೂಬಿನ ಕಡೆ ಎಳೆದರು. ಅಮರೇಶ ಸಲಿಕೆ ಎತ್ತಿಕೊಂಡು ದಡ ಹತ್ತಿದರು. ಎಂದೂ ಎತ್ತಿಗೂ ಬಾರುಕೋಲು ಬೀಸದ ಮನುಷ್ಯ ಅವರು. ಮೂಗಿನ ಹೊಳ್ಳೆ ಅರಳಿ, ಗುರುತೇ ಸಿಗದಂತೆ ಆಗಿದ್ದರು.

ಆಗ ಜೋಪಡಿಯ ಕಡೆಯಿಂದ ಅತ್ತೆ ನಡೆದು ಬರುವುದು ಕಂಡಿತು. ಹನುಮವ್ವ ಹಿಡಿದುಕೊಳ್ಳಲು ಹೋದರೆ ಕೈ ಕೊಡವಿದರು. ನಿಂತು, ಉಸಿರು ತೆಗೆದುಕೊಂಡು, ಮತ್ತೆ ನಡೆದು ತೂಬಿನ ಹತ್ತಿರ ಬಂದರು. ಬಡಿಗೆ ಹಿಡಿದವರು ತಾವಾಗಿ ದಾರಿ ಬಿಟ್ಟರು.

"ಮೌಲಾ, ತೂಬು ಎತ್ತಪಾ."

"ಅವ್ವಾ, ಇನ್ನಾ ಅರ್ಧ ಹುಡುಕಿಲ್ರಿ."

"ಎತ್ತು. ನನ್ನ ಸಲುವಾಗಿ ಇನ್ನೊಬ್ಬರ ಸಸಿ ಒಣಗಿದ್ರ, ನಾಳಿ ಅದು ಸಿಕ್ರೂ ನಾ ಯಾವ ಮಾರೀಲೆ ಅಂಗೈಯಾಗ ಇಟ್ಕೊಳ್ಳಲಿ?" ಆಮೇಲೆ ಮಗನ ಕಡೆ ತಿರುಗಿದರು. "ಆ ಸಲಿಕಿ ಕೆಳಗ ಇಡು. ಮಣ್ಣು ಎತ್ತಾಕ ತಂದದ್ದು ಅದು."

ತೂಬು ಮೇಲೇರಿತು. ನೀರು ಕೆಂಪಗೆ ನೊರೆ ಕಟ್ಟಿಕೊಂಡು ಬಂದು, ನಾವು ಬಗೆದ ಗುಂಡಿಗಳನ್ನೆಲ್ಲ ಮುಚ್ಚಿ ಕೆಳಗಿನ ಊರಿನ ಕಡೆ ಹರಿಯಿತು. ಅತ್ತೆ ತಮ್ಮ ಉಳಿವನ್ನು ತಾವೇ ನೀರಿಗೆ ಬಿಟ್ಟಂತೆ ನನಗೆ ತೋರಿತು. ಕೆಳಗಿನ ಊರಿನವರು ಕೂಡಲೇ ಹೋಗಲಿಲ್ಲ. ಆ ಎತ್ತರದ ಆಳು ಬಡಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಅತ್ತೆಯನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದ.

ಅಂದು ಸಂಜೆ ನನಗೆ ರೇಗಿಹೋಯಿತು. ದುಃಖವೋ ಸಿಟ್ಟೋ ಯಾರಿಗೆ ಗೊತ್ತು. ಅತ್ತೆಯ ಎದುರು ಹೋಗಿ ಕೂತು, "ನೀವು ನೀರು ಕುಡಿಯೋತನಾ ನಾನೂ ಕುಡಿಯಂಗಿಲ್ರಿ. ಇಬ್ಬರೂ ಕೂಡೇ ಹೋಗೂಣು," ಎಂದೆ.

ಅವರು ನನ್ನ ಹೊಟ್ಟೆಯ ಕಡೆ ನೋಡಿದರು. ದನಿ ಕ್ಷೀಣವಾಗಿತ್ತು, ಮೊನಚು ಹಾಗೇ ಇತ್ತು. "ಹೊಟ್ಯಾಗಿಂದು ನಿನ್ನ ಹಟಕ್ಕ ಬಂದಿಲ್ಲ. ರೊಟ್ಟಿ ತಾ. ನನ್ನ ಮುಂದ ಕುಂತು ಉಣ್ಣು."

ಇಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದರೆ ನನಗೆ ಎದುರಾಡಲು ಆಗಲಿಲ್ಲ. ಎರಡು ದಿನದಿಂದ ಹನಿ ನೀರು ಮುಟ್ಟದವರ ಎದುರು ಕೂತು ರೊಟ್ಟಿ ತಿಂದೆ. ಪ್ರತಿ ತುತ್ತನ್ನೂ ಅವರು ನೋಡುತ್ತಿದ್ದರು. "ಪಲ್ಯ ಹಚ್ಕೋ," ಎಂದರು. "ನೀರು ಕುಡಿ," ಎಂದರು. ಕಣ್ಣೀರು ರೊಟ್ಟಿಯ ಮೇಲೆ ಬಿದ್ದರೂ ಬಿಡಲಿಲ್ಲ, ಪೂರ್ತಿ ತಿನ್ನಿಸಿದರು. ನಾನು ಆವರೆಗೆ ಯಾರನ್ನೂ ಅಷ್ಟು ದ್ವೇಷಿಸಿರಲಿಲ್ಲ, ಯಾರ ಮೇಲೂ ಅಷ್ಟು ಮಮತೆ ಬಂದಿರಲಿಲ್ಲ.

ಬೆಳಗಿನ ಜಾವ ಎಚ್ಚರವಾದಾಗ ಮೊದಲು ಕಿವಿಗೊಟ್ಟೆ. ನೀರು ಸುರಿದುಕೊಳ್ಳುವ ಸದ್ದಿಲ್ಲ. ಪಕ್ಕಕ್ಕೆ ಕೈ ಹಾಕಿದೆ. ಅತ್ತೆಯ ಹಾಸಿಗೆ ತಣ್ಣಗಿತ್ತು. ಹೊರಗೆ ಬಂದೆ, ಕಲ್ಲಿನ ಮೇಲೆ ಅವರಿಲ್ಲ. ಮೂಡಲಲ್ಲಿ ಬೂದಿ ಬಣ್ಣದ ಬೆಳಕು ಆಗಷ್ಟೇ ಏಳುತ್ತಿತ್ತು. ಕಾಲುವೆ ತುಂಬಿ ಹರಿಯುವ ಸದ್ದೊಂದೇ ಕೇಳುತ್ತಿತ್ತು. ಕಳೆದುಕೊಂಡವರು ಜೀವ ಇಟ್ಟುಕೊಳ್ಳಬಾರದು ಎಂಬ ಮಾತು ತಲೆಯೊಳಗೆ ಎದ್ದು ಕೂತಿತು. ಅಮರೇಶನವರನ್ನು ಕೂಗಿ ಎಬ್ಬಿಸುವಷ್ಟೂ ತಾಳ್ಮೆ ಇರಲಿಲ್ಲ. ಹೊಟ್ಟೆಗೆ ಒಂದು ಕೈ ಆನಿಸಿಕೊಂಡು ಬದುವಿನ ಮೇಲೆ ಓಡಿದೆ.

ಮೆಟ್ಟಿಲ ಹತ್ತಿರ ಅತ್ತೆಯ ತಂಬಿಗೆ ಇತ್ತು. ಅವರು ಬಿಚ್ಚಿಟ್ಟ ಸೀರೆಯೂ ಇತ್ತು. ಆಚೆ ದಡದಲ್ಲಿ ಮೌಲಾಸಾಬರು ಚಾಪೆ ಹಾಸಿಕೊಂಡು ನಮಾಜಿಗೆ ನಿಂತಿದ್ದರು. "ಸಾಬ್ರ, ನಮ್ಮ ಅತ್ತಿನ್ನ ನೋಡಿದ್ರೇನ್ರಿ?" ಎಂದು ಕೂಗಿದೆ.

ಅವರು ತಿರುಗಲಿಲ್ಲ. ಬಗ್ಗಿದರು, ಎದ್ದರು, ಹಣೆ ನೆಲಕ್ಕೆ ಮುಟ್ಟಿಸಿದರು. ನಾನು ಮತ್ತೆ ಕೂಗಿದೆ. ಅವರ ತುಟಿ ಮಾತ್ರ ಅಲುಗಾಡುತ್ತಿತ್ತು. ಇತ್ತ ಒಂದು ಜೀವ ಹೋಗುತ್ತಿರುವಾಗ ಈ ಮನುಷ್ಯನಿಗೆ ಪ್ರಾರ್ಥನೆಯೇ ಹೆಚ್ಚಾಯಿತೇ ಎಂದು ಹಲ್ಲು ಕಚ್ಚಿದೆ. ಕಾಲುವೆ ದಾಟಿ ಹೋಗಿ ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಆದರೆ ಕಾಲುಗಳು ನಿಂತಲ್ಲೇ ನಿಂತವು. ಇಷ್ಟು ದಿನ ಒಬ್ಬರ ಪೂಜೆಗೆ ಉಸಿರು ಕಟ್ಟಿ ನಿಂತು ರೂಢಿಯಾದ ಕಾಲು ಅವು. ನೋಡಿದರೆ, ಬಳೆಯನ್ನೂ ಹಿಡಿದುಕೊಂಡಿದ್ದೆ.

ಮೌಲಾಸಾಬರು ಕೊನೆಗೆ ಕೂತು, ಬಲಕ್ಕೆ ಮುಖ ತಿರುಗಿಸಿ ಸಲಾಮು ಹೇಳಿದರು, ಎಡಕ್ಕೆ ತಿರುಗಿಸಿ ಸಲಾಮು ಹೇಳಿದರು. ಆಮೇಲೆ ನನ್ನ ಕಡೆ ನೋಡಿ, ಕೈ ಚಾಚಿ ನಮ್ಮ ಗದ್ದೆಯನ್ನು ತೋರಿಸಿದರು.

ನಾಟಿ ಅರ್ಧ ಮುಗಿದ ಗದ್ದೆಯ ನಡುವೆ ಅತ್ತೆ ಕೂತಿದ್ದರು. ನೀರಿನಲ್ಲೇ, ಸಸಿಗಳ ಸಾಲಿನ ಮಧ್ಯೆ, ಸೊಂಟದವರೆಗೆ ಕೆಸರು. ಮಿಂದಿದ್ದರು, ಬೇರೆ ಸೀರೆ ಉಟ್ಟಿದ್ದರು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಎಡಗೈಯನ್ನು ನೀರೊಳಗೆ ಇಳಿಬಿಟ್ಟು ಅಂಗೈಯನ್ನು ಮಣ್ಣಿನ ಮೇಲೆ ತೆರೆದಿಟ್ಟಿದ್ದರು. ಮುಷ್ಟಿ ಕಟ್ಟಿರಲಿಲ್ಲ. ನೀರಿನಾಳದ ಆ ಅಂಗೈಯನ್ನು ಮನೆಯ ಪಡಸಾಲೆಯಲ್ಲಿ ನೋಡುತ್ತಿದ್ದಂತೆಯೇ ನೋಡುತ್ತಿದ್ದರು. ಮುಖವೂ ಆ ಹೊತ್ತಿನ ಮುಖವೇ. ನಾನು ಒಡ್ಡಿನ ಮೇಲೆ ನಿಂತೆ. ಅಮರೇಶ ಓಡಿ ಬಂದು ನನ್ನ ಪಕ್ಕ ನಿಂತರು. ಕೊಕ್ಕರೆಯೊಂದು ಅವರ ಹತ್ತಿರವೇ ಇಳಿದು ನಡೆದಾಡಿತು.

ದಿನಾ ಹಿಡಿಯುವಷ್ಟೇ ಹೊತ್ತು ಹಿಡಿಯಿತು. ಆಮೇಲೆ ಅತ್ತೆ ಅಂಗೈಯನ್ನು ಮೆಲ್ಲಗೆ ಮೇಲೆತ್ತಿದರು. ಅದರಲ್ಲಿ ಗದ್ದೆಯ ನೀರು ನಿಂತಿತ್ತು, ಮಣ್ಣು ಬೆರೆತ ನೀರು. ಕಣ್ಣಿಗೆ ಒತ್ತಿಕೊಂಡರು. ಬಾಯಿಗೆ ಹಚ್ಚಿ ಕುಡಿದರು.

ಅಮರೇಶ ಅಲ್ಲೇ ಕುಸಿದು ಕೂತು ಮಗುವಿನಂತೆ ಅತ್ತರು. ಅತ್ತೆ ನಮ್ಮ ಕಡೆ ತಿರುಗಿದರು. "ಲಿಂಗಕ್ಕ ಎರದ ನೀರಲ್ಲೇನು ಇದು," ಎಂದರು. "ಗದ್ಯಾಗ ಬಿದ್ದಿದ್ರೂ ಇದಽ ನೀರು, ಕೆನಾಲದಾಗ ಬಿದ್ದಿದ್ರೂ ಇದಽ ನೀರು. ಎರಡು ದಿನ ಬೇಕಾತು ನೋಡು ನನಗ." ಆಮೇಲೆ ನನ್ನ ಕೈ ನೋಡಿದರು. "ಬಳಿ ಬಿಡು ಗಿರಿಜಾ. ಕೈ ನೋಯ್ತಾವ."

ಬಿಟ್ಟೆ. ಮಣಿಕಟ್ಟಿನ ಮೇಲೆ ಬಳೆಗಳ ಗುರುತು ಕೆಂಪಗೆ ಎದ್ದಿತ್ತು.

ಅಂದು ಅವರಿಗೆ ಮೊದಲು ಗಂಜಿ, ಆಮೇಲೆ ರೊಟ್ಟಿ ಕೊಟ್ಟೆ. ರೊಟ್ಟಿ ದಪ್ಪವಾಯಿತೆಂದು ಬೈದರು. ಆ ಬೈಗುಳದಷ್ಟು ಇಂಪಾದದ್ದನ್ನು ನಾನು ಆಮೇಲೆ ಕೇಳಿಲ್ಲ. ಮಧ್ಯಾಹ್ನ ಅಯ್ಯನವರು ಬಂದರು. ನಡೆದದ್ದನ್ನು ಕೇಳಿ, ಒಡ್ಡಿನ ಮೇಲೆ ಪಾದರಕ್ಷೆ ಕಳಚಿ, ಗದ್ದೆ ನೋಡುತ್ತ ಸ್ವಲ್ಪ ಹೊತ್ತು ನಿಂತು ಹೋದರು. ಊರಿನಲ್ಲಿ ಕೆಲವರು ಇದು ಯಾವ ಶಾಸ್ತ್ರವೆಂದು ಆಡಿಕೊಂಡರು. ಅತ್ತೆ ಯಾರಿಗೂ ಉತ್ತರ ಕೊಡಲಿಲ್ಲ, ಬೇರೆ ಲಿಂಗವನ್ನೂ ಕಟ್ಟಿಸಿಕೊಳ್ಳಲಿಲ್ಲ. ಮಾನ್ವಿಯ ಮನೆಯಲ್ಲಿ ಎಂದಿನಂತೆ ಮಬ್ಬಿನಲ್ಲಿ ಎದ್ದು ಕೂತು ಬರಿದಾದ ಅಂಗೈಯನ್ನೇ ಎತ್ತಿ ನೋಡುತ್ತಿದ್ದರು. ಪಕ್ಕದಲ್ಲಿ ಆ ಗದ್ದೆಯ ನೀರಿನ ತಂಬಿಗೆ. ಬೇಸಿಗೆಯಲ್ಲಿ ಗದ್ದೆ ಒಣಗಿದಾಗ ಅಲ್ಲಿಂದ ಒಂದು ಹೆಂಟೆ ತಂದು ನೀರಿನಲ್ಲಿ ಕದಡಿ ತಿಳಿಯಾಗಲು ಬಿಡುತ್ತಿದ್ದರು. ಮಗಳು ಹುಟ್ಟಿದಾಗ ಆ ಬೆಳ್ಳಿ ಕರಡಿಗೆ ಅವಳ ಕೊರಳಿಗೆ ಬಂತು. ಬಳೆ ಬಿಡು ಎಂದು ಅವರು ಹೇಳಿದ್ದರೂ ನನ್ನ ಕೈ ಕೇಳಲಿಲ್ಲ, ಪೂಜೆಯ ಹೊತ್ತಿಗೆ ಹಿಡಿದುಕೊಂಡೇ ಓಡಾಡುತ್ತಿದ್ದೆ.

ಆ ದಶಕ ಮುಗಿಯುವ ಮೊದಲು, ಇನ್ನೊಂದು ಶ್ರಾವಣದಲ್ಲಿ ಅತ್ತೆ ಹೋದರು. ಆ ಗದ್ದೆಯ ಒಡ್ಡಿನಲ್ಲೇ, ಜಾಲಿಯ ಬುಡದಲ್ಲಿ ಕುಣಿ ತೆಗೆಸಿದೆವು. ನಮ್ಮಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ, ಎಡ ಅಂಗೈಯಲ್ಲಿ ಅವರವರ ಲಿಂಗ ಇಡುತ್ತಾರೆ. ಕೆಳಗಿನ ಊರಿನ ಆ ಎತ್ತರದ ಆಳೂ ಬಂದಿದ್ದ. ಮೌಲಾಸಾಬರು ಟೋಪಿ ಕೈಯಲ್ಲಿ ಹಿಡಿದು ದೂರ ನಿಂತಿದ್ದರು. ಅಯ್ಯನವರು ಕುಣಿಗೆ ಇಳಿದು, ಅತ್ತೆಯ ಎಡಗೈ ಬಿಡಿಸಿ, ತಲೆಯೆತ್ತಿ ನಮ್ಮನ್ನು ನೋಡಿದರು.

"ಅಂಗೈಯಾಗ ಏನ್ ಇಡೂಣು?" ಎಂದರು.

ಅಮರೇಶ ತಲೆ ತಗ್ಗಿಸಿದರು. ನಾನು ಒಡ್ಡು ಇಳಿದು ಗದ್ದೆಗೆ ಹೋದೆ. ನಾಟಿಯಾಗಿ ಎಳೆ ಹಸಿರು ಎದ್ದಿತ್ತು. ಸಾಲುಗಳ ನಡುವೆ ಬಗ್ಗಿ ಬೊಗಸೆ ತುಂಬ ನೀರು ಎತ್ತಿಕೊಂಡು, ಚೆಲ್ಲದಂತೆ ನಡೆದು ಬಂದು, ಕುಣಿಯ ಅಂಚಿನಲ್ಲಿ ಮೊಣಕಾಲೂರಿ ಕೂತು ಆ ಅಂಗೈಗೆ ಎರೆದೆ. ಎರಡೂ ಕೈ ಬೊಗಸೆಯಾಗಿದ್ದವು, ಹಿಡಿದುಕೊಳ್ಳಲು ಆಗಲಿಲ್ಲ. ಬಳೆಗಳು ಗಲ್ಲೆಂದವು.

ಅತ್ತೆ ಕಣ್ಣೆತ್ತಿ ನೋಡಲಿಲ್ಲ.